ಪ್ರಣಾಳಿಕೆಯಲ್ಲಿ ಪಾಪ್ಯುಲಿಸಂ ಎಷ್ಟಿದೆ? ಎಣಿಸುವ ಬಗೆ

ನಮ್ಮಲ್ಲಿ ‘ಜನಪ್ರಿಯ ಬಜೆಟ್’ ಎಂದರೆ ಉಚಿತ ಅಕ್ಕಿ, ಸಾಲ ಮನ್ನಾ. ರಾಜ್ಯಶಾಸ್ತ್ರದ ಪಾಪ್ಯುಲಿಸಂ ಅದಲ್ಲ. ಸಮಾಜವನ್ನು ‘ಶುದ್ಧ ಜನತೆ’ ಮತ್ತು ‘ಭ್ರಷ್ಟ ಗಣ್ಯರು’ ಎಂದು ಸೀಳಿ, ರಾಜಕೀಯವೆಲ್ಲ ಜನರ ಇಚ್ಛೆಯಂತೆಯೇ ನಡೆಯಬೇಕು ಎನ್ನುವ ಚಿಂತನೆ ಎಂಬುದು ಡಚ್ ವಿದ್ವಾಂಸ ಕಾಸ್ ಮುಡ್ಡೆ 2004ರಲ್ಲಿ ಕೊಟ್ಟ ವ್ಯಾಖ್ಯೆ. ಅಳೆಯುವ ಮುನ್ನ ಏನನ್ನು ಅಳೆಯುತ್ತಿದ್ದೇವೆ ಎಂಬುದು ಗೊತ್ತಿರಬೇಕಲ್ಲ!

ಮೊದಲು ಪ್ರಣಾಳಿಕೆಗಳನ್ನು ಕೂಡಿಹಾಕಿ. ಬರ್ಲಿನ್‌ನ ಮ್ಯಾನಿಫೆಸ್ಟೊ ಪ್ರಾಜೆಕ್ಟ್‌ನಲ್ಲಿ ಹೆಸರು ನೋಂದಾಯಿಸಿದರೆ ಹಲವು ದೇಶಗಳ ಪ್ರಣಾಳಿಕೆಗಳು ಉಚಿತವಾಗಿ ಸಿಗುತ್ತವೆ.

ಬಳಿಕ ಪದಪಟ್ಟಿ, ಅಂದರೆ ಪಾಪ್ಯುಲಿಸಂನ ಸುಳಿವು ಕೊಡುವ, ಕಂಪ್ಯೂಟರ್ ಹುಡುಕಿ ಎಣಿಸಬೇಕಾದ ಪದಗಳ ಪಟ್ಟಿ. ರಾಜ್ಯಶಾಸ್ತ್ರಜ್ಞರಾದ ಮತೈಸ್ ರೋಡೈನ್ ಮತ್ತು ಟೋನ್ ಪಾವೆಲ್ಸ್ 2011ರಲ್ಲಿ ಬಳಸಿದ ಪಟ್ಟಿಯಲ್ಲಿ ಗಣ್ಯ, ಭ್ರಷ್ಟ, ದ್ರೋಹ, ವಂಚನೆ, ಹಗರಣ, ಜನಮತಗಣನೆ (ರೆಫರೆಂಡಮ್) ಎಂಬರ್ಥದ ಪದಗಳ ಬೇರುರೂಪಗಳಿದ್ದವು. ‘ಜನ’, ‘ನಾವು’, ‘ನಮ್ಮ’ ಮಾತ್ರ ಇರಲಿಲ್ಲ. ಅವನ್ನು ಬಳಸದ ಪಕ್ಷವೇ ಇಲ್ಲ! ಹೀಗಾಗಿ ಪದ ಎಣಿಕೆಗೆ ದಕ್ಕುವುದು ಗಣ್ಯರ ಮೇಲಿನ ಸಿಟ್ಟು. ಜನರ ಗುಣಗಾನ ಕೈತಪ್ಪಿ ಹೋಗುತ್ತದೆ.

ಕನ್ನಡದಲ್ಲಿ ಈ ಪಟ್ಟಿ ಮಾಡಲು ಹೊರಟರೆ ಇನ್ನೊಂದು ಪೇಚು. ‘ಗಣ್ಯ’ ಎಂಬ ಅಕ್ಷರಗಳು ಎಲ್ಲಿದ್ದರೂ ಹುಡುಕು ಎಂದು ಕಂಪ್ಯೂಟರಿಗೆ ಹೇಳಿ ನೋಡಿ, ‘ನಗಣ್ಯ’ವನ್ನೂ ‘ಅಗ್ರಗಣ್ಯ’ವನ್ನೂ ಹೊತ್ತು ತರುತ್ತದೆ. ಪದದ ಆರಂಭಕ್ಕೆ ಮಾತ್ರ ಹುಡುಕಾಟವನ್ನು ಕಟ್ಟಿಹಾಕಿದರೆ ‘ಗಣ್ಯರು’, ‘ಗಣ್ಯರಿಂದ’ ಸಿಗುತ್ತವೆ. ಆದರೆ ‘ಗಣ್ಯರ ಉಪಸ್ಥಿತಿಯಲ್ಲಿ’ ಎಂಬ ಸಮಾರಂಭದ ಮಾತೂ ಸಿಗುತ್ತದೆ.

ಎಣಿಸಿದ ಮೇಲೆ ಒಟ್ಟು ಪದಗಳಿಂದ ಭಾಗಿಸಿ ಶೇಕಡಾವಾರು ತೆಗೆಯಬೇಕು. ಸುಲಭ ಎನಿಸುತ್ತದೆ. ಆದರೆ ನೆದರ್ಲೆಂಡ್ಸ್‌ನ 2017ರ ಚುನಾವಣೆಗೆ ಗೀರ್ಟ್ ವಿಲ್ಡರ್ಸ್ ಅವರ ಪಿವಿವಿ ಪಕ್ಷ ಹೊರಡಿಸಿದ್ದು ಒಂದೇ ಪುಟ, 11 ಅಂಶ. ಅದರಲ್ಲಿ ಜನಮತಗಣನೆಯ ಬೇಡಿಕೆಯೂ ಇತ್ತು. 200 ಪದಗಳ ಹಾಳೆಯಲ್ಲಿ ಒಂದು ಪದ ಸಿಕ್ಕರೆ ಶೇ 0.5, 40,000 ಪದಗಳ ಪ್ರಣಾಳಿಕೆ ಆ ಮಟ್ಟ ಮುಟ್ಟಬೇಕಾದರೆ 200 ಬಾರಿ ಸಿಗಬೇಕು. ಅಷ್ಟು ಚಿಕ್ಕ ಪಠ್ಯದ ಅಂಕಿಯನ್ನು ನಾನಂತೂ ನಂಬಲಾರೆ. ಇನ್ನು ಅಲ್ಲಿಯೇ 1966ರಲ್ಲಿ ಹುಟ್ಟಿದ ಉದಾರವಾದಿ ಡಿ66 ಪಕ್ಷವೂ ದಶಕಗಳ ಕಾಲ ಜನಮತಗಣನೆಯ ಪರವಾಗಿತ್ತು. ಅದನ್ನು ಯಾರೂ ಪಾಪ್ಯುಲಿಸ್ಟ್ ಎನ್ನುವುದಿಲ್ಲ.

ಆದ್ದರಿಂದ ಪಟ್ಟಿಯ ಪದ ಸಿಕ್ಕ ವಾಕ್ಯಗಳಲ್ಲಿ ನೂರನ್ನು ಚೀಟಿ ಎತ್ತಿದಂತೆ ಆರಿಸಿ, ಇಬ್ಬರು ಬೇರೆ ಬೇರೆ ಕುಳಿತು ಓದಿ, ಪಾಪ್ಯುಲಿಸಂ ಇದೆಯೋ ಇಲ್ಲವೋ ಎಂದು ಗುರುತು ಹಾಕಬೇಕು. ಬೇಸರದ ಕೆಲಸ ನಿಜ, ಆದರೂ ಬಿಡುವಂತಿಲ್ಲ. ‘ವಿದೇಶಿ ನೆರವು ಭ್ರಷ್ಟಾಚಾರಕ್ಕೆ ಸಿಲುಕಬಾರದು’ ಎಂಬ ವಾಕ್ಯದಲ್ಲಿ ಪಾಪ್ಯುಲಿಸಂ ಇಲ್ಲವೆಂಬುದು ಕಣ್ಣಿಗೆ ಬೀಳುವುದು ಆಗಲೇ. ಸಿಗದೆ ಉಳಿದ ವಾಕ್ಯಗಳಲ್ಲೂ ಒಂದಷ್ಟನ್ನು ಓದಿ. ಪಟ್ಟಿಯ ಒಂದೂ ಪದವಿಲ್ಲದೆ ಗಣ್ಯರನ್ನು ಬೈಯುವ ಮಾತುಗಳು ಅಲ್ಲಿ ಅಡಗಿರುತ್ತವೆ.

ಪದಪಟ್ಟಿ ಬೇಡ, ಯಂತ್ರವೇ ಕಲಿಯಲಿ ಎನ್ನುವವರೂ ಇದ್ದಾರೆ. ಪಾಪ್ಯುಲಿಸ್ಟ್ ಎನಿಸಿಕೊಂಡ ಪಕ್ಷದ ಎಲ್ಲ ವಾಕ್ಯಗಳಿಗೂ ‘ಪಾಪ್ಯುಲಿಸ್ಟ್’ ಎಂಬ ಚೀಟಿ ಅಂಟಿಸಿ ಕಲಿಸಿದ ಯತ್ನವೂ ನಡೆದಿದೆ. ಅದಕ್ಕೆ ತಕ್ಕ ಟೀಕೆಯೂ ಬಂತು: ಯಂತ್ರ ಕಲಿತದ್ದು ಪಾಪ್ಯುಲಿಸಂ ಅನ್ನೋ, ಆ ಪಕ್ಷದ ಮಾತಿನ ವರಸೆಯನ್ನೋ? ವಲಸೆಯ ಬಗ್ಗೆಯೇ ಮಾತಾಡುವ ಪಕ್ಷದಿಂದ ಕಲಿತ ಯಂತ್ರಕ್ಕೆ ವಲಸೆಯ ಸಾದಾ ವಾಕ್ಯವೂ ಪಾಪ್ಯುಲಿಸ್ಟ್ ಆಗಿಯೇ ಕಂಡೀತು. ಈ ದಾರಿ ಹಿಡಿಯುವುದಾದರೆ ಚೀಟಿಯನ್ನು ಪಕ್ಷಕ್ಕಲ್ಲ, ಒಂದೊಂದು ವಾಕ್ಯಕ್ಕೂ ಓದಿಯೇ ಅಂಟಿಸಿ.