ಗ್ಯಾರೇಜ್ ನೆಲಕ್ಕೆ ಎಪಾಕ್ಸಿ: ಡಬ್ಬಿ ತರುವ ಮೊದಲು ನೆಲ ಪರೀಕ್ಷಿಸಿ

ಗ್ಯಾರೇಜ್ ನೆಲಕ್ಕೆ ಬಳಿದ ಎಪಾಕ್ಸಿ (ರಾಳ, ಹಾರ್ಡನರ್ ಎರಡನ್ನೂ ಕಲಸಿ ಬಳಿಯುವ ಗಟ್ಟಿ ಬಣ್ಣ) ಮೊದಲ ಮಳೆಗಾಲದಲ್ಲೇ ಚಕ್ಕೆ ಎದ್ದರೆ ಎಲ್ಲರೂ ದೂರುವುದು ಬಣ್ಣವನ್ನು. ಕೆಳಗಿನ ನೆಲವನ್ನು ಯಾರೂ ವಿಚಾರಿಸುವುದಿಲ್ಲ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಬಹಳಷ್ಟು ಮನೆಗಳು ನಿಂತಿರುವುದು ಎರೆಮಣ್ಣಿನ ಮೇಲೆ. ಮಳೆಗೆ ನೀರು ಕುಡಿದು ಉಬ್ಬುವ, ಬೇಸಿಗೆಗೆ ಒಣಗಿ ಬಾಯಿ ಬಿಡುವ ಈ ಮಣ್ಣು ಮೇಲಿನ ಕಾಂಕ್ರೀಟನ್ನು ಸುಮ್ಮನೆ ಬಿಡುವುದಿಲ್ಲ. ಬಿರುಕು ಬಿಡಿಸುತ್ತದೆ, ತೇವವನ್ನೂ ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಬಣ್ಣದ ಅಂಗಡಿಗೆ ಹೋಗುವ ಮೊದಲು ಎರಡು ಪರೀಕ್ಷೆ ಆಗಲೇಬೇಕು.

ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಕಾಯಿರಿ. ಆಮೇಲೆ ಒಂದೂವರೆ ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಬಿಸಿಲು ಬೀಳದ ಜಾಗವಾಗಿರಲಿ. ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಆ ಚೌಕದಷ್ಟೇ ನೆಲ ಕಪ್ಪಗಾಗಿದ್ದರೆ, ಕೆಳಗಿನಿಂದ ತೇವ ಏಳುತ್ತಿದೆ. ಗೋಡೆಯ ಮೂಲೆ, ಗಟಾರದ ಬದಿ, ನಡುಮಧ್ಯ ಹೀಗೆ ಮೂರ್ನಾಲ್ಕು ಕಡೆ ನೋಡುವುದು ಒಳ್ಳೆಯದು.

ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ನಿಶ್ಚಿಂತರಾಗಬೇಡಿ. ಆಗ ನೆಲ ಒಣಗಿರುವುದು ಸಹಜ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಪರೀಕ್ಷಿಸಿ. ಆಗಲೂ ಹಾಳೆಯ ಅಡಿ ಒಣಗಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಧೈರ್ಯವಾಗಿ ಬಳಿಯಬಹುದು. ತೇವ ಕಂಡರೆ ಸಾಮಾನ್ಯ ಎಪಾಕ್ಸಿಯ ಆಸೆ ಬಿಡಿ. ತೇವ ತಡೆಯುವ ವಿಶೇಷ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ತಳಪದರ) ಇದೆ, ದುಬಾರಿ. ಅಷ್ಟು ಖರ್ಚು ಬೇಡವೆನ್ನುವವರು ಶಹಾಬಾದಿ ಫರಸಿ ಹಾಸಿಸುವುದೇ ಮೇಲು.

ಎರಡನೆಯ ಪರೀಕ್ಷೆ ಸುಲಭ. ನೆಲದ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ನೆಲ ಹೀರಿಕೊಂಡು ಬಣ್ಣ ಗಾಢವಾದರೆ ಸರಿ. ಹನಿ ಗುಂಡಗೆ ನಿಂತಲ್ಲಿ ಎಣ್ಣೆಯಿದೆ, ಇಲ್ಲವೇ ನೆಲ ಅತಿ ನುಣುಪಾಗಿದೆ.

ಎಣ್ಣೆ ಮೊದಲು, ಉಜ್ಜುವುದು ನಂತರ

ಎಣ್ಣೆ ಕಲೆಯ ಮೇಲೆ ಯಂತ್ರ ಓಡಿಸಿದರೆ ಎಣ್ಣೆ ಸುತ್ತಲೂ ಹರಡುತ್ತದೆ. ಹಸಿ ಎಣ್ಣೆಯಾದರೆ ಕಟ್ಟಿಗೆಯ ಹೊಟ್ಟು ಸುರಿದು ಹೀರಿಸಿ, ಗುಡಿಸಿ ತೆಗೆಯಿರಿ. ಹಳೆಯ ಕಲೆಗೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಹಾಕಿ, ಗಟ್ಟಿ ಬ್ರಷ್‌ನಿಂದ ತಿಕ್ಕಿ, ತೊಳೆಯಿರಿ. ಆ ಜಾಗದಲ್ಲಿ ನೀರಿನ ಹನಿ ಇಂಗುವವರೆಗೂ ಇದನ್ನೇ ಮಾಡಬೇಕು, ಬೇಸರಿಸಬಾರದು. ತೊಳೆಯಲು ನೀರು ಧಾರಾಳವಾಗಿ ಬೇಕು. ಮಲಪ್ರಭೆಯ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ನಲ್ಲಿ ಬರುವ ದಿನ ನೋಡಿಕೊಂಡು ಈ ಕೆಲಸಕ್ಕೆ ಕೈಹಾಕಿ.

ಇನ್ನು ನುಣುಪಿನ ಮಾತು. ನಮ್ಮ ಗೌಂಡಿಗಳು ಹಸಿ ನೆಲದ ಮೇಲೆ ಒಣ ಸಿಮೆಂಟ್ ಉದುರಿಸಿ, ಕರಣೆಯಿಂದ ತೀಡಿ ತೀಡಿ ಅಂಗೈ ಜಾರುವಂತೆ ಮಾಡುತ್ತಾರೆ. ಬರಿಗಾಲಿಗೆ ಹಿತ, ಆದರೆ ಎಪಾಕ್ಸಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ದೂರ ಓಡಿ ಬಂದ ಕಾರಿನ ಬಿಸಿ ಟೈರು ನಿಂತಲ್ಲೇ ತಣಿದು ಕುಗ್ಗುವಾಗ, ಹಿಡಿತವಿಲ್ಲದ ಬಣ್ಣ ಅದಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ. ಆದ್ದರಿಂದ ಆ ಮೇಲ್ಪದರ ಹೋಗಲೇಬೇಕು. ಡೈಮಂಡ್ ಕಪ್ ಚಕ್ರ ಹಾಕಿದ ಗ್ರೈಂಡರ್‌ನಿಂದ ಉಜ್ಜಿಸುವುದೇ ಸರಿಯಾದ ದಾರಿ. ಮುಗಿದ ಮೇಲೆ ನೆಲ ಕೈಗೆ 120ರ ಸ್ಯಾಂಡ್ ಪೇಪರ್‌ನಷ್ಟು ಒರಟಾಗಿರಬೇಕು. ಏಳುವ ದೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ವ್ಯಾಕ್ಯೂಮ್ ಜೋಡಿಸಿದ ಯಂತ್ರವೇ ಬೇಕೆಂದು ಹೇಳಿ. ಕೆಲಸಗಾರನಿಗೂ ಒಳ್ಳೆಯ ಮಾಸ್ಕ್ ಕೊಡಿಸಿ, ಬರೀ ಕರವಸ್ತ್ರ ಸಾಲದು.

ನೆಲ ಒರಟಾಗಿಸಲು ಅಗ್ಗವೆಂದು ಆ್ಯಸಿಡ್ (ಹೈಡ್ರೋಕ್ಲೋರಿಕ್) ಸುರಿಯುವವರು ಹಲವರು. ನನ್ನ ಮಟ್ಟಿಗೆ ಅದು ಎರಡನೆಯ ಆಯ್ಕೆ. ಮಾಡಲೇಬೇಕೆಂದರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಹತ್ತು ಪಾಲು ನೀರು ಹಿಡಿದು, ಅದಕ್ಕೆ ಒಂದು ಪಾಲು ಆ್ಯಸಿಡನ್ನು ನಿಧಾನಕ್ಕೆ ಬೆರೆಸಿ. ಆ್ಯಸಿಡ್‌ಗೆ ನೀರು ಹಾಕಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರ್ ಕೈಗವಸು, ಕನ್ನಡಕ ಕಡ್ಡಾಯ. ಸ್ಕೂಟರ್, ಸೈಕಲ್ಲುಗಳನ್ನು ಹೊರಗಿಡಿ, ಆ ಹೊಗೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೊನೆಗೆ ಸೋಡಾ ಕರಗಿಸಿದ ನೀರು ಹಾಕಿ ಆ್ಯಸಿಡ್ ಅಂಶ ಅಳಿಸಿ, ಎರಡು ಮೂರು ಬಾರಿ ತೊಳೆದು, ಪೂರ್ತಿ ಒಣಗಲು ಬಿಡಿ.

ಬಿರುಕುಗಳಲ್ಲಿ ಎರಡು ಬಗೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಅಂತರ ಬರೆದಿಡಿ. ಮೇ ತಿಂಗಳ ಅಳತೆಗೂ ಆಗಸ್ಟ್‌ನ ಅಳತೆಗೂ ವ್ಯತ್ಯಾಸವಿಲ್ಲದಿದ್ದರೆ ಉಳಿಯಿಂದ ಬಾಯಿ ಅಗಲಿಸಿ, ದೂಳು ತೆಗೆದು, ಎಪಾಕ್ಸಿ ಪುಟ್ಟಿ ತುಂಬಿ. ಅಳತೆ ಬದಲಾಗುತ್ತಿದ್ದರೆ ಗಟ್ಟಿ ಪುಟ್ಟಿ ನಿಲ್ಲದು, ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ ಬೇಕು.

ಬಳಿಯುವ ಹೊತ್ತು

ದ್ರಾವಕ ಬೆರೆಸದ ಎಪಾಕ್ಸಿ ಒಂದು ಲೀಟರ್‌ಗೆ 200 ಮೈಕ್ರಾನ್ ದಪ್ಪದಲ್ಲಿ 5 ಚದರ ಮೀಟರ್ ನೆಲ ಮುಚ್ಚುತ್ತದೆ. 10 ಅಡಿಗೆ 18 ಅಡಿಯ ಗ್ಯಾರೇಜಿಗೆ ಒಂದು ಕೋಟ್‌ಗೆ ಸುಮಾರು ಮೂರೂವರೆ ಲೀಟರ್ ಆಯಿತು. ಪ್ರೈಮರ್ ಲೆಕ್ಕ ಬೇರೆ, ಉಜ್ಜಿದ ನೆಲ ಅದನ್ನು ಹೆಚ್ಚಾಗಿ ಕುಡಿಯುತ್ತದೆ.

ಬೆಳಗ್ಗೆ ಶುರುಮಾಡಬೇಡಿ. ಬಿಸಿಲೇರುವಾಗ ಕಾಂಕ್ರೀಟ್ ಕಾದು, ರಂಧ್ರಗಳ ಗಾಳಿ ಹಿಗ್ಗಿ ಹೊರಬರುತ್ತದೆ. ಹಸಿ ಬಣ್ಣದಲ್ಲಿ ಗುಳ್ಳೆ ಏಳುವುದು ಇದರಿಂದಲೇ. ನೆಲ ತಣಿಯತೊಡಗುವ ಸಂಜೆ ನಾಲ್ಕು ಗಂಟೆಯ ನಂತರ ಕೆಲಸ ಹಿಡಿದು, ಇಬ್ಬನಿ ಇಳಿಯುವ ಮುನ್ನ ಮುಗಿಸಿ.

ರಾಳ ಮತ್ತು ಹಾರ್ಡನರನ್ನು ಡಬ್ಬಿಯ ಮೇಲಿರುವ ಅನುಪಾತದಲ್ಲೇ ಅಳೆದು, ತಳ ಅಂಚು ಕೆರೆದು ಕೆರೆದು ಮೂರು ನಿಮಿಷ ಕಲಸಿ. ಕಲಸಿದ್ದನ್ನು ಬಕೆಟ್‌ನಲ್ಲಿ ಇಟ್ಟುಕೊಂಡು ನಿಲ್ಲಬೇಡಿ. ಒಟ್ಟಿಗಿದ್ದಷ್ಟೂ ತನ್ನ ಶಾಖಕ್ಕೆ ತಾನೇ ಬೇಗ ಗಟ್ಟಿಯಾಗುತ್ತದೆ. ತಕ್ಷಣ ನೆಲಕ್ಕೆ ಪಟ್ಟಿಯಾಗಿ ಸುರಿದು ರೋಲರ್‌ನಿಂದ ಹರಡಿ. ಒಳಮೂಲೆಯಿಂದ ಬಾಗಿಲಿನತ್ತ ಬನ್ನಿ. ಪ್ರೈಮರ್ ಒಣಗಿದ ಮೇಲೆ ಮೊದಲ ಕೋಟ್, ಅದರ ಹಸಿಯ ಮೇಲೆ ಒಣಗಿಸಿ ಜರಡಿ ಹಿಡಿದ ಸಣ್ಣ ಸಿಲಿಕಾ ಮರಳು ಉದುರಿಸಿ. ಇಲ್ಲದಿದ್ದರೆ ಮಳೆಗಾಲದ ಒದ್ದೆ ಚಪ್ಪಲಿಗೆ ನೆಲ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಈ ಹಂತ ತಪ್ಪಿಸಲೇಬಾರದು. ಮರುದಿನ ಅಂಟದ ಮರಳನ್ನು ಗುಡಿಸಿ ಎರಡನೆಯ ಕೋಟ್ ಹಾಕಿ.

ಪೋರ್ಚ್‌ನಂತೆ ತೆರೆದ ಜಾಗವಾದರೆ ನೇರ ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟುತ್ತದೆ, ಹೊಳಪು ಕಳೆದುಕೊಳ್ಳುತ್ತದೆ. ಅಂಥಲ್ಲಿ ಮೇಲೊಂದು ಬಿಸಿಲು ತಾಳುವ ಪಾಲಿಯುರೆಥೇನ್ ಕೋಟ್ ಬೇಕು. 24 ಗಂಟೆಯ ನಂತರ ನಡೆದಾಡಬಹುದು. ಕಾರು ಮಾತ್ರ ಏಳು ದಿನ ರಸ್ತೆಯಲ್ಲೇ ನಿಲ್ಲಲಿ. ಆಮೇಲೂ ಜಾಕ್ ಹಚ್ಚುವಾಗ ಅಡಿಗೆ ಒಂದು ಪ್ಲೈವುಡ್ ತುಂಡು ಇಡಿ.