ಫೋಟೊ ಮೊದಲು ಅವರ ಮನೆಗೆ, ಆಮೇಲೆ ಕರಪತ್ರಕ್ಕೆ

"ಪ್ರಿಂಟ್ ಹಾಕಿಸಿ ಮನೆಗೆ ಕೊಟ್ಟು, ಎಂಟು ದಿನ ಬಿಟ್ಟು ಒಪ್ಪಿಗೆ ಕೇಳ್ತೀಯಾ? ಅಷ್ಟರಲ್ಲಿ ಸೀಸನ್ನೇ ಮುಗಿದಿರುತ್ತೆ ಮಾರಾಯ." ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ತಿಳಿವಳಿಕೆ ಹಂಚುವ ನಮ್ಮ ಗುಂಪಿನವರೇ ಹೀಗೆ ಹೇಳಿದ್ದರು. ಕರಪತ್ರಕ್ಕೆ ಅಂತ ತೆಗೆದ ಜನರ ಫೋಟೊವನ್ನು ಮೊದಲು ಅವರ ಮನೆಗೇ ಕೊಟ್ಟು, ಆಮೇಲೆ ಒಪ್ಪಿಗೆ ಕೇಳುವುದು ನನ್ನ ಕ್ರಮ. ಈ ಕ್ರಮದಲ್ಲಿ ಕಾಯಿಲೆಯ ಮೂರು ಸೀಸನ್ ಕಳೆದವು. ಸುಮಾರು 60 ಮನೆಗೆ ಹೋಗಿದ್ದೇವೆ. ಒಂದು ಮನೆಯಿಂದಲೂ ಬೈಗುಳ ಬಂದಿಲ್ಲ. ಅನುಮಾನ ಪಟ್ಟವರೇ ಈಗ ಅದೇ ಕ್ರಮ ಹಿಡಿದಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಸಾಗರದ ಕಡೆ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಗೃಹಪ್ರವೇಶ ನನ್ನ ಹೊಟ್ಟೆಪಾಡು. 2018ರ ಕೊನೆಗೆ ಅರಲಗೋಡು ಕಡೆ ಮಂಗನ ಕಾಯಿಲೆ ಜೋರಾಗಿ ಎದ್ದಿತಲ್ಲ, ಆಗ ಒಂದು ಸಣ್ಣ ಗುಂಪಿನ ಜೊತೆ ಸೇರಿದೆ. ಸಂಬಳ ಇಲ್ಲ, ಪೆಟ್ರೋಲ್ ಖರ್ಚು ಮಾತ್ರ. ಈ ಕಾಯಿಲೆ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ಆದರೂ ಅದರ ಬಗ್ಗೆ ಹಂಚಲು ನಮ್ಮ ಊರಿನದೇ ಅನ್ನುವಂಥ ಫೋಟೊ ಒಂದೂ ನಮ್ಮ ಕೈಯಲ್ಲಿರಲಿಲ್ಲ.

ಮೊದಲ ತಪ್ಪು ಫ್ಲೆಕ್ಸಿನದು. ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬರು ಅಮ್ಮನ ಫೋಟೊ ತೆಗೆದೆ. ಕೇಳಿದ್ದಕ್ಕೆ "ತೆಗಿ ತಮ್ಮಾ" ಅಂದರು. ಆರು ಅಡಿ ಉದ್ದದ ನಾಲ್ಕು ಫ್ಲೆಕ್ಸ್ ಮಾಡಿಸಿ ಸಂತೆ ಬಯಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದೆವು. ವಾರದೊಳಗೆ ಆ ಅಮ್ಮನನ್ನು ಅಡಿಕೆ ಸುಲಿಯಲು ಕರೆಯುವುದನ್ನು ಜನ ನಿಲ್ಲಿಸಿದರು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯೇ ಅಲ್ಲ. ಫ್ಲೆಕ್ಸಿನಲ್ಲಿ ಅದನ್ನೂ ಬರೆದಿದ್ದೆವು. ಯಾರೂ ಅಕ್ಷರ ಓದಲಿಲ್ಲ, ಮುಖ ನೋಡಿದರು. ಅವರ ಮಗ ನನ್ನ ಅಂಗಡಿಗೆ ಬಂದು ಕರೆದುಕೊಂಡು ಹೋಗಿ, ಫ್ಲೆಕ್ಸ್ ಮುಂದೆ ಸುಮ್ನೆ ನಿಂತ. ಒಂದು ಮಾತೂ ಆಡಲಿಲ್ಲ. ಅವತ್ತು ರಾತ್ರಿಯೇ ನಾಲ್ಕನ್ನೂ ಬಿಚ್ಚಿದೆವು. ನಮಗೆ ಹೋದದ್ದು ಒಂದೂವರೆ ಸಾವಿರ. ಅವರಿಗೆ ಹೋದದ್ದು ಸುಲಿತದ ಸೀಸನ್ನಿನ ಇಪ್ಪತ್ತು ದಿನದ ಕೂಲಿ. ಕೊಡಲು ಹೋದರೆ ತಗೊಳ್ಳಲಿಲ್ಲ. ಹಾಸಿಗೆ ಹಿಡಿದವರು, ತಮ್ಮ ಔಷಧಿಗೆ ಓಡಾಡಿದ ನನಗೆ ಫೋಟೊ ಬೇಡ ಅನ್ನುವುದು ಹೇಗೆ ಅಲ್ವಾ? "ತೆಗಿ ತಮ್ಮಾ" ಅಂದದ್ದನ್ನು ನಾನು ಒಪ್ಪಿಗೆ ಅಂದುಕೊಳ್ಳಬಾರದಿತ್ತು.

ಎರಡನೆಯದು ನೆಟ್‌ನಿಂದ ತೆಗೆದ ಉಣುಗಿನ ಚಿತ್ರ. ಎರಡು ಸಾವಿರ ಕರಪತ್ರ, ಒಂದಕ್ಕೆ ಮೂರು ರೂಪಾಯಿಯ ಲೆಕ್ಕದಲ್ಲಿ ಆರು ಸಾವಿರ. ಹಂಚಿದ ಮೊದಲ ದಿನವೇ ಒಬ್ಬ ಅಜ್ಜ ನೋಡಿ, "ಇದು ನಮ್ಮ ದನದ ಕಿವಿಯಲ್ಲಿ ಇರ್ತದಲ್ಲ, ಅದು" ಅಂದರು. ಅವರು ಹೇಳಿದ್ದು ಸರಿ. ರಕ್ತ ಕುಡಿದು ಉಬ್ಬಿದ, ಕಡಲೆ ಕಾಳಿನಷ್ಟು ದಪ್ಪದ್ದು. ನಮ್ಮವರನ್ನು ಜಾಸ್ತಿ ಕಚ್ಚುವುದು ಮರಿ ಉಣುಗು, ರಾಗಿ ಕಾಳಿನಷ್ಟು. ಚಿತ್ರ ನಂಬಿದವರು ಮೈಮೇಲೆ ದೊಡ್ಡದನ್ನೇ ಹುಡುಕುತ್ತಾರೆ, ಸಣ್ಣದು ಕಚ್ಚಿಕೊಂಡೇ ಇರುತ್ತದೆ. ಇದರ ಮೇಲೆ ಆ ಫೋಟೊ ತೆಗೆದವರ ಫೋನ್ ಬೇರೆ ಬಂತು. ನಮ್ಮ ಕಾಪಿರೈಟ್ ಕಾಯ್ದೆಯೂ 1957ರದ್ದೇ. ಫೋಟೊ ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಅದರ ಹಕ್ಕು ಇರುತ್ತದೆ. ಧರ್ಮದ ಕೆಲಸ ಅಂದಮಾತ್ರಕ್ಕೆ ಬಿಟ್ಟುಕೊಡಬೇಕು ಅಂತೇನೂ ಇಲ್ಲ. ಕ್ಷಮೆ ಕೇಳಿ, ಉಳಿದ ಕರಪತ್ರಗಳನ್ನು ಸುಟ್ಟೆವು.

ಆಮೇಲೆ ಉಣುಗಿನ ಫೋಟೊ ನಾನೇ ತೆಗೆಯಬೇಕು ಅಂತ ಹಟ ಹಿಡಿದೆ. ಜೀವಂತ ಉಣುಗನ್ನು ಮುಟ್ಟುವ ಮಾತೇ ಇಲ್ಲ, ಯಾರೂ ಆ ಕೆಲಸಕ್ಕೆ ಕೈಹಾಕಬೇಡಿ. ತಿಳಿದವರೊಬ್ಬರು ಸ್ಪಿರಿಟ್‌ನಲ್ಲಿಟ್ಟ ಸತ್ತ ಮರಿ ಉಣುಗುಗಳನ್ನು ತಂದು, ತಾವೇ ಪಕ್ಕದಲ್ಲಿ ನಿಂತು ತೋರಿಸಿದರು. ಸಣ್ಣದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸ್‌ಗೆ ದುಡ್ಡಿಲ್ಲ. ಕ್ಯಾಮೆರಾ ಜೊತೆಗೇ ಬಂದ ಹಳೇ ಕಿಟ್ ಲೆನ್ಸನ್ನೇ ಉಲ್ಟಾ ಹಾಕಲು ಒಂದು ರಿಂಗ್ ತರಿಸಿದೆ, ಮುನ್ನೂರೈವತ್ತೋ ಏನೋ. ಮೊಬೈಲಿಗೆ ಸಿಕ್ಕಿಸುವ ಲೆನ್ಸೂ ನೋಡಿದೆ, ಅಂಚೆಲ್ಲ ಮಸುಕು. ಹಿನ್ನೆಲೆಗೆ ಮೊದಲು ಅಡಿಕೆ ಹಾಳೆಯ ತಟ್ಟೆ ಇಟ್ಟೆ. ನೋಡಲು ಚಂದ, ಆದರೆ ಗೀರುಗಳ ನಡುವೆ ಕಾಲು ಯಾವುದು ಅಂತಲೇ ತಿಳಿಯುವುದಿಲ್ಲ. ಕೊನೆಗೆ ತೊಳೆದ ಬಿಳಿ ಪಂಚೆಯ ತುಂಡು ಸರಿಹೋಯಿತು. ಒಂದೊಂದು ಚಿತ್ರಕ್ಕೆ ಫೋಕಸ್ ಸರಿಸುತ್ತಾ ಹನ್ನೆರಡು ಹದಿನೈದು ಕ್ಲಿಕ್ ಮಾಡಿ ಸೇರಿಸಿದೆ. ಸ್ಪಿರಿಟ್ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ತೆಗೆಯಲು ಒಂದು ಉಪಾಯ ಸಿಕ್ಕಿದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಅಷ್ಟು ಚೊಕ್ಕ ಚಿತ್ರ ಈ ಭಾಗದಲ್ಲಿ ಬೇರೆ ಯಾರ ಬಳಿಯೂ ನಾನು ನೋಡಿಲ್ಲ.

ಗಾತ್ರ ತೋರಿಸಲು ಪಕ್ಕದಲ್ಲಿ ಮೂರು ರಾಗಿ ಕಾಳು ಇಟ್ಟೆ. ಅದೂ ಸಾಲದು ಅಂತ ಕರಪತ್ರದ ಮೇಲೆ ನಿಜವಾದ ರಾಗಿ ಕಾಳನ್ನೇ ಮೈದಾ ಅಂಟಿನಲ್ಲಿ ಅಂಟಿಸಿದೆವು. ಕೈಯಲ್ಲಿ ಸವರಿ ನೋಡಿದವರು ಮರೆಯುತ್ತಿರಲಿಲ್ಲ. ಆದರೆ ಮಳೆಗಾಲ ಕಳೆದು ಕಟ್ಟು ಬಿಚ್ಚಿದರೆ ಇಲಿ, ಇರುವೆ ಎಲ್ಲ ಮುಗಿಸಿದ್ದವು. ಈಗ ನಿಜ ಗಾತ್ರದ ಒಂದು ಚುಕ್ಕೆ ಅಚ್ಚು ಹಾಕಿಸುತ್ತೇವೆ. ಕಾಳು ಮಾತ್ರ ಸಭೆಗೆ ಹೋಗುವಾಗ ಜೇಬಿನಲ್ಲಿ ಒಯ್ಯುತ್ತೇನೆ.

ಸತ್ತ ಮಂಗದ ವಿಷಯ ಇಲ್ಲಿ ಹೇಳಲೇಬೇಕು. "ಸತ್ತ ಮಂಗ ಕಂಡರೆ ಫೋಟೊ ಕಳಿಸಿ" ಅಂತ ಒಮ್ಮೆ ವಾಟ್ಸಾಪ್‌ನಲ್ಲಿ ಹಾಕಿದ್ದೆವು. ಮಂಗ ಸತ್ತ ಜಾಗದಲ್ಲೇ ಅದರ ಮೈಯಿಂದ ಉಣುಗು ಉದುರುತ್ತದೆ, ಅಪಾಯ ಇರುವುದೇ ಅಲ್ಲಿ. ಮರುದಿನ ಬಂದ ಫೋಟೊದಲ್ಲಿ ಹಲ್ಲು ಎಣಿಸಬಹುದಿತ್ತು! ತೆಗೆದ ಹುಡುಗ ಎಷ್ಟು ಹತ್ತಿರ ಹೋಗಿರಬೇಕು ಯೋಚಿಸಿ. ಕೈಕಾಲು ತಣ್ಣಗಾಯಿತು. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಈಗ ನಾವು ಕೇಳುವುದು ರಸ್ತೆಯ ಮೈಲುಗಲ್ಲಿನದೋ ತೋಟದ ಗೇಟಿನದೋ ಫೋಟೊ, ಜೊತೆಗೆ ಒಂದು ಫೋನ್ ಕರೆ. ಮುಸಿಯನೋ (ಕಪ್ಪು ಮುಖದ ಮಂಗ) ಕೆಂಪು ಮಂಗವೋ ಅನ್ನುವುದನ್ನು ಇಲಾಖೆಯವರು ಬಂದು ನೋಡಿಕೊಳ್ಳುತ್ತಾರೆ.

ಇನ್ನು ಒಪ್ಪಿಗೆಯ ಕೆಲಸ. ಮೊದಲು ಎರಡು ಪುಟದ ಪತ್ರ ಮಾಡಿದ್ದೆವು, ಕೊನೆಯಲ್ಲಿ ಸಹಿ. ನಮ್ಮ ಕಡೆ ಸಹಿ ಅಂದರೆ ಜನರಿಗೆ ಸೊಸೈಟಿ ಸಾಲ, ಜಮೀನಿನ ಕಾಗದ ನೆನಪಾಗುತ್ತದೆ. ಹೆಬ್ಬೆಟ್ಟಿನ ಇಂಕ್ ಡಬ್ಬಿ ತೆಗೆದರೆ ಒಳಗೆ ಎದ್ದು ಹೋಗುತ್ತಿದ್ದರು. ಆ ಪತ್ರ ಬಿಟ್ಟೆವು. ಈಗ ಫೋಟೊದ ಹಿಂಬದಿಯಲ್ಲೇ ಐದು ಸಾಲು ದಪ್ಪ ಅಕ್ಷರದಲ್ಲಿ ಇರುತ್ತದೆ. ಊರಿನ ಸಭೆಯಲ್ಲಿ ತೋರಿಸಬಹುದಾ, ಕರಪತ್ರದಲ್ಲಿ ಹಾಕಬಹುದಾ, ಮೊಬೈಲ್‌ನಲ್ಲಿ ಕಳಿಸಬಹುದಾ ಅಂತ ಮೂರು ಪ್ರಶ್ನೆ. ಒಂದೊಂದಕ್ಕೂ ಬೇರೆ ಬೇರೆ ಗುರುತು. ಕೊನೆಯ ಎರಡು ಸಾಲಿನಲ್ಲಿ ಯಾವಾಗ ಬೇಕಾದರೂ ಬೇಡ ಅನ್ನಬಹುದು ಅನ್ನುವ ಮಾತು, ನಮ್ಮ ಫೋನ್ ನಂಬರ್. ಎರಡು ಪ್ರತಿ, ಒಂದು ಅವರ ಮನೆಯಲ್ಲೇ ಉಳಿಯುತ್ತದೆ.

ಫೋಟೊ ಕೊಟ್ಟ ದಿನ ಏನೂ ಕೇಳುವುದಿಲ್ಲ. ಎಂಟು ದಿನ ಅದು ಗೋಡೆಯ ಮೇಲೋ ಕಪಾಟಿನ ಗಾಜಿಗೋ ಸಿಕ್ಕಿಸಿಕೊಂಡು ಇರುತ್ತದೆ. ಅತ್ತೆ ನೋಡುತ್ತಾರೆ, ಪಕ್ಕದ ಮನೆಯವರು ನೋಡುತ್ತಾರೆ, ಪೇಟೆಯಲ್ಲಿರುವ ಮಗ ಬಂದು ನೋಡುತ್ತಾನೆ. ಬೇಡ ಅನ್ನುವುದಿದ್ದರೆ ಆ ಎಂಟು ದಿನದಲ್ಲಿ ಹೇಗೂ ಬರುತ್ತದೆ. ಮತ್ತೆ ಹೋಗುವುದು ರಾತ್ರಿ, ಅಡಿಕೆ ಸುಲಿಯುವ ಹೊತ್ತಿಗೆ. ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ, ಮಾತಿಗೆ ಬಿಡುವು ಇರುತ್ತದೆ. ಜೊತೆಗೆ ಆಶಾ ಕಾರ್ಯಕರ್ತೆ ಇದ್ದರೆ ಒಳ್ಳೆಯದು, ಆದರೆ ಕೇಳುವುದು ನಾನೇ. ಅವರು ಕೇಳಿದರೆ ಔಷಧಿ ಕೊಡುವವರಿಗೆ ಇಲ್ಲ ಅನ್ನಲಾಗದ ಅದೇ ಕಷ್ಟ ಬರುತ್ತದೆ. ಮೊದಲ ಮಾತು ಏನು ಆಡುತ್ತೇನೆ ಅನ್ನುವುದು ಮನೆಮನೆಗೆ ಬೇರೆ, ಅದನ್ನು ಬರೆದು ಕಲಿಸಲು ಆಗುವುದಿಲ್ಲ.

ಸಭೆಗೆ ಒಪ್ಪಿದ ಮನೆಗಳು ನಲವತ್ತರ ಮೇಲೆ. ಕರಪತ್ರಕ್ಕೆ ಇಪ್ಪತ್ತೈದರ ಆಸುಪಾಸು. ಮೊಬೈಲಿಗೆ ಹತ್ತೋ ಹನ್ನೊಂದೋ ಮನೆ ಅಷ್ಟೇ. ಮೂರನ್ನೂ ಒಂದೇ ಸಹಿಯಲ್ಲಿ ಕೇಳಿದ್ದರೆ ಎಲ್ಲರೂ ಬೇಡ ಅನ್ನುತ್ತಿದ್ದರು, ಇಲ್ಲವೇ ತಿಳಿಯದೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. 18 ವರ್ಷದೊಳಗಿನವರ ಮುಖ ಹಾಕುವುದೇ ಇಲ್ಲ, ಅಪ್ಪ ಅಮ್ಮ ಒಪ್ಪಿದರೂ ಇಲ್ಲ. ಕಾಯಿಲೆ ಬಿದ್ದವರ ಮುಖವೂ ಇಲ್ಲ. ನಮ್ಮ ಚಿತ್ರಗಳಲ್ಲಿ ಉಣುಗು ಹತ್ತದ ಹಾಗೆ ಕಾಲಿಗೆ ಡೇಪಾ ಎಣ್ಣೆ ಹಚ್ಚುವ ಕೈ, ದರಕು (ಒಣ ಎಲೆ) ಗುಡಿಸಲು ಹೊರಟವರ ಉದ್ದ ತೋಳಿನ ಅಂಗಿ, ಮನೆಗೆ ಬಂದು ಬಿಸಿನೀರು ಹಾಕಿಕೊಳ್ಳುವ ಬಚ್ಚಲು ಒಲೆ ಇರುತ್ತವೆ. ಜ್ವರದ ಚಿತ್ರ ಬೇಕಾದಾಗ ನಮ್ಮ ಕಾರ್ಯಕರ್ತೆಯೇ ಕಂಬಳಿ ಹೊದ್ದು ಮಲಗುತ್ತಾರೆ. ಕೆಳಗೆ "ಇದು ನಟನೆ" ಅಂತ ಬರೆಯುತ್ತೇವೆ. ಹಾಗೆ ಬರೆದರೆ ಚಿತ್ರದ ಬೆಲೆ ಕಡಿಮೆಯಾಗುತ್ತದೆ ಅಂದವರಿದ್ದರು. ನನಗೆ ಹಾಗೆ ಕಂಡಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಪ್ರಿಂಟ್ ಒಂದಕ್ಕೆ ಇಪ್ಪತ್ತು ರೂಪಾಯಿ, ಮನೆಗೆ ಎರಡು. ಅರವತ್ತು ಮನೆಗೆ ಎರಡೂವರೆ ಸಾವಿರ ಆಗಿರಬಹುದು. ಆ ಸುಟ್ಟ ಕರಪತ್ರದ ಅರ್ಧವೂ ಅಲ್ಲ. ಇನ್ನೊಂದು ಉಳಿತಾಯ ಇದೆ. ಜನರ ಮುಖ ಇರುವ ಚಿತ್ರವನ್ನು ಕರಪತ್ರದ ಒಳಗೆ ಅಚ್ಚು ಹಾಕಿಸುವುದಿಲ್ಲ, ಬೇರೆ ಕಾರ್ಡ್ ಮಾಡಿ ಒಳಗೆ ಇಡುತ್ತೇವೆ. ಕಳೆದ ವರ್ಷ ಒಂದು ಮನೆಯವರು ಮಗಳ ಸಂಬಂಧ ನೋಡುತ್ತಿದ್ದೇವೆ, ಫೋಟೊ ಬೇಡ ಅಂದರು. ಮುನ್ನೂರು ಕಾರ್ಡ್ ತೆಗೆದೆವು, ಕರಪತ್ರ ಹಾಗೇ ಉಳಿಯಿತು. ನಷ್ಟ ನಾನೂರು ರೂಪಾಯಿ.

ಬೇರೆ ಗುಂಪಿನವರು, ಶಾಲೆಯವರು ಈಗ ಚಿತ್ರ ಕೇಳುತ್ತಾರೆ. ಉಣುಗು, ಕೈ, ಎಣ್ಣೆ, ಅಂಗಿಯ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದೇನೆ. ಗುಂಪಿನ ಹೆಸರು ಹಾಕಿ ಯಾರೂ ಬಳಸಬಹುದು. ಉಣುಗಿನ ಚಿತ್ರದಿಂದ ರಾಗಿ ಕಾಳನ್ನು ಮಾತ್ರ ಕತ್ತರಿಸಬೇಡಿ ಅಂತ ಬೇಡಿಕೊಳ್ಳುತ್ತೇನೆ. ಮುಖದ ಚಿತ್ರಗಳನ್ನು ಕೊಡುವುದಿಲ್ಲ, ಎಷ್ಟೇ ಬೇಕಾದವರು ಕೇಳಿದರೂ. ಮನೆಗಳ ಚಿತ್ರವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುವಾಗ ಹುಷಾರು, ಫೈಲಿನ ಒಳಗೆ ಜಾಗದ ಗುರುತೂ ಹಾಗೇ ಹೋಗುತ್ತದೆ. ನಾನು ಮೊದಲೇ ಅಳಿಸಿ ಇಡುತ್ತೇನೆ.

ಡಿಸೆಂಬರ್‌ಗೆ ಮುಂಚೆ ಚಿತ್ರಗಳ 40 ಸೆಟ್ ತಯಾರಾಗಬೇಕು. ಪ್ರೆಸ್‌ನವರು ಒಂಬತ್ತು ಸಾವಿರ ಕೇಳಿದ್ದಾರೆ, ಆರು ಕೂಡಿದೆ. ಉಳಿದದ್ದಕ್ಕೆ ಎರಡು ಮದುವೆ ಒಪ್ಪಿಕೊಂಡಿದ್ದೇನೆ.