ಆರ್ಕ್‌ನ ಚುಕ್ಕೆಗಳನ್ನು ಎಣಿಸಿದ್ದು

ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್ ಒಂದು ಬಲಗೊಳ್ಳಬೇಕಾದಾಗ ಪ್ರೋಟೀನಿಗಾಗಿ ದೂರದ ಕೋಶಕಾಯದತ್ತಲೇ ನೋಡುತ್ತ ಕೂರಬೇಕಿಲ್ಲ. ಪ್ರೋಟೀನಿನ ಸೂಚನೆ ಹೊತ್ತ ಎಂ-ಆರ್‌ಎನ್‌ಎ ನರಕೋಶದ ಕವಲಾದ ಡೆಂಡ್ರೈಟ್‌ಗೇ ಬಂದಿದ್ದರೆ ಅಲ್ಲೇ ತಯಾರಿಸಿಕೊಳ್ಳಬಹುದು. ಸಂಶೋಧಕರಾದ ಸ್ಟೀವರ್ಡ್ ಮತ್ತು ಲೆವಿ 1982ರಲ್ಲೇ, ಸಿನಾಪ್ಸ್ ಕೂರುವ ಡೆಂಡ್ರೈಟ್ ಮುಳ್ಳುಗಳ ಬುಡದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಗೊಂಚಲುಗಳನ್ನು ತೋರಿಸಿದ್ದರು. ಓದಿ ತಿಳಿದಿದ್ದ ಇದನ್ನು ಕಣ್ಣಾರೆ ಕಾಣಲು ನನಗೆ ಐದು ತಿಂಗಳು ಹಿಡಿಯಿತು.

ನಾನು ಹುಡುಕಿದ್ದು ಆರ್ಕ್ ಎಂಬ ಜೀನಿನ ಎಂ-ಆರ್‌ಎನ್‌ಎಯನ್ನು. ನೆನಪು ಬಹುಕಾಲ ಉಳಿಯಲು ಇದು ಬೇಕು. ಇಲಿ ಭ್ರೂಣದ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ಕೋಶಗಳನ್ನು ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಚೂರಿನ ಮೇಲೆ ಮೂರು ವಾರ ಬೆಳೆಸಿ, ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹಾಕಿ ಪ್ರಚೋದಿಸಿ, ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸುತ್ತಿದ್ದೆ. ಆಮೇಲೆ ತಲಾ 20 ಅಕ್ಷರಗಳ, ಹೊಳೆಯುವ ಬಣ್ಣ ಕಟ್ಟಿದ, ಆರ್ಕ್ ಆರ್‌ಎನ್‌ಎಗೆ ಹೊಂದಿ ಅಂಟುವ ನಲವತ್ತಕ್ಕೂ ಹೆಚ್ಚು ಡಿಎನ್‌ಎ ತುಣುಕುಗಳನ್ನು, ಅಂದರೆ ಪ್ರೋಬ್‌ಗಳನ್ನು, ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುವುದು. ಒಂಟಿ ಪ್ರೋಬ್‌ನ ಬೆಳಕು ತೀರಾ ಕ್ಷೀಣ. ಹಲವು ಸೇರಿ ಒಂದೇ ಆರ್‌ಎನ್‌ಎ ಮೇಲೆ ಕೂತರೆ ಸೂಕ್ಷ್ಮದರ್ಶಕದಲ್ಲಿ ಚುಕ್ಕೆಯಾಗಿ ಹೊಳೆಯುತ್ತದೆ.

ಮೊದಲ ಎರಡು ತಿಂಗಳು ಬರೀ ಕತ್ತಲೆ. ತಪ್ಪು ನನ್ನದೇ: ಎಲ್ಲರೂ ಬಳಸುವ ಬಫರ್ ಬಾಟಲಿಯನ್ನೇ ನಾನೂ ಬಳಸುತ್ತಿದ್ದೆ. ಆರ್‌ಎನ್‌ಎಯನ್ನು ತುಂಡರಿಸುವ ಆರ್‌ಎನ್‌ಏಸ್ ಎಂಬ ಕಿಣ್ವ ನಮ್ಮ ಬೆರಳಲ್ಲೇ ಇರುತ್ತದೆ, ಕುದಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ನನ್ನದೇ ಬಾಟಲಿ, ನನ್ನದೇ ಪಿಪೆಟ್, ಹೆಜ್ಜೆಗೊಮ್ಮೆ ಹೊಸ ಕೈಗವಸು. ಮಡಿಯಲ್ಲಿದ್ದ ನಮ್ಮ ಅಜ್ಜಿಗೂ ಅಷ್ಟು ಕಟ್ಟುಪಾಡು ಇರಲಿಲ್ಲ. ಚುಕ್ಕೆಗಳು ಮೂಡಿದವು. ಡೆಂಡ್ರೈಟ್ ಉದ್ದಕ್ಕೂ, ರಾಶಿ ರಾಶಿ. ಕುಣಿದಾಡಿ ಚಿತ್ರ ತೋರಿಸಿದರೆ ನಮ್ಮ ಮೇಡಂ ಕೇಳಿದ್ದು ಒಂದೇ ಮಾತು: “ಆರ್‌ಎನ್‌ಏಸ್ ಹಾಕಿದ ಕವರ್‌ಸ್ಲಿಪ್ ಎಲ್ಲಿ?”

ಅಷ್ಟು ಹೆದರಿ ದೂರವಿಟ್ಟಿದ್ದ ಕಿಣ್ವವನ್ನು ಈಗ ನಾನೇ ಸುರಿದೆ. ಚುಕ್ಕೆಗಳು ನಿಜಕ್ಕೂ ಆರ್‌ಎನ್‌ಎಯದ್ದಾದರೆ ಅಳಿಸಿಹೋಗಬೇಕಿತ್ತು. ಆರ್‌ಎನ್‌ಎ ನಾಶವಾದ ಮೇಲೂ ಅರ್ಧದಷ್ಟು ಚುಕ್ಕೆಗಳು ಹಾಗೆಯೇ ಇದ್ದವು! ಅವೆಲ್ಲ ಎಲ್ಲೆಲ್ಲೋ ಅಂಟಿಕೊಂಡ ಪ್ರೋಬ್‌ಗಳು. ಸಡಿಲವಾಗಿ ಅಂಟಿದ್ದನ್ನು ಬಿಡಿಸುವ ಫಾರ್ಮಮೈಡ್ ಪ್ರಮಾಣ ಹೆಚ್ಚಿಸಿ, ತೊಳೆಯುವ ಸಮಯ ಹೆಚ್ಚಿಸಿ, ಆ ಕವರ್‌ಸ್ಲಿಪ್ ಬಹುತೇಕ ಕಪ್ಪಾಗುವವರೆಗೂ ಒದ್ದಾಡಿದೆ.

ಆಮೇಲಿನದು ಸೊಗಸು. ಪ್ರಚೋದಿಸಿದ ಕೆಲವೇ ನಿಮಿಷಗಳಿಗೆ ಕೋಶಕೇಂದ್ರದೊಳಗೆ ಎರಡು ದಪ್ಪ ಚುಕ್ಕೆಗಳು: ತಾಯಿಯಿಂದ ಬಂದ ಜೀನು ಒಂದು, ತಂದೆಯಿಂದ ಬಂದದ್ದು ಇನ್ನೊಂದು. ಅರ್ಧ ಗಂಟೆಯ ಕವರ್‌ಸ್ಲಿಪ್‌ನಲ್ಲಿ ಚುಕ್ಕೆಗಳು ಹೊರಗೆ ಬಂದು ಡೆಂಡ್ರೈಟ್ ಹಿಡಿದಿದ್ದವು. ಎಣಿಸುವಾಗ ಗೆಳತಿ ಹೆಸರುಚೀಟಿಗಳನ್ನು ಮುಚ್ಚಿಡುತ್ತಿದ್ದಳು. ಬೇಕೆನಿಸಿದಲ್ಲಿ ಹೆಚ್ಚು ಕಾಣುವ ಕಣ್ಣು ನನ್ನದು.

ಚುಕ್ಕೆ ಇದ್ದಲ್ಲಿ ಪ್ರೋಟೀನ್ ತಯಾರಾಗುತ್ತಿದೆ ಎಂದೇನೂ ಅಲ್ಲ. ಅದಕ್ಕೆ ಪ್ಯೂರೋಮೈಸಿನ್ ಬೇಕು. ಅದು ಬೆಳೆಯುತ್ತಿರುವ ಪ್ರೋಟೀನ್ ಸರಪಳಿಗೆ ಸೇರಿಕೊಂಡು ಗುರುತು ಬಿಡುತ್ತದೆ. 1963ರಲ್ಲಿ ಫ್ಲೆಕ್ಸ್‌ನರ್ ತಂಡ ಇಲಿಗಳ ಮಿದುಳಿಗೆ ಚುಚ್ಚಿ, ಕಲಿತದ್ದನ್ನು ಮರೆಸಿದ್ದು ಇದೇ ಔಷಧದಿಂದ. ಬಾಟಲಿ ಫ್ರೀಜರ್‌ನಲ್ಲಿದೆ, ಸೋಮವಾರ ತೆರೆಯುತ್ತೇನೆ.